ಲಂಡನ್ನಿನ ಮಂಗಳಾರತಿ

ಕೆಲವರಿಗೆ ಒಳ್ಳೆಯ ಸಂಗೀತ ಕಿವಿಗೆ ಬಿದ್ದರೆ ತಲೆ ತಾನಾಗಿ ತೂಗುತ್ತದೆ. ಕೆಲವರಿಗೆ ಕಡಲೆಕಾಯಿ ಹುರಿಯುವ ವಾಸನೆ ಬಂದರೆ ಕಾಲು ತಾನಾಗಿ ನಿಲ್ಲುತ್ತದೆ. ನನಗಾದರೋ ಜನ ಗುಂಪುಗೂಡಿ ನಿಂತಿರುವುದು ಕಣ್ಣಿಗೆ ಬಿದ್ದರೆ ಅವರನ್ನು ಎರಡು ಸಾಲು ಮಾಡುವ ತನಕ ಸಮಾಧಾನವಿಲ್ಲ. ಅವರು ಯಾರು, ಎಲ್ಲಿಗೆ ಹೊರಟಿದ್ದಾರೆ, ಏಕೆ ಹೊರಟಿದ್ದಾರೆ ಎಂಬುದೆಲ್ಲ ಆಮೇಲಿನ ಮಾತು. ಮೊದಲು ಸಾಲು. ಇದು ಅರಕಲಗೂಡು, ಚನ್ನರಾಯಪಟ್ಟಣ, ಕೊನೆಗೆ ಹೊಳೆನರಸೀಪುರ ಹೀಗೆ ಊರೂರಿನ ಮಿಡ್ಲ್ ಸ್ಕೂಲುಗಳಲ್ಲಿ ಡ್ರಿಲ್ ಮೇಷ್ಟರಾಗಿ ಸವೆಸಿದ ಆಯುಸ್ಸಿನ ಫಲ. ಪೆನ್ಷನ್ ಆದ ಮೇಲೆ ಶಾಲೆ ನನ್ನನ್ನು ಬಿಟ್ಟಿತು, ಸೀಟಿ ಬಿಟ್ಟಿತು, ಸಾಲು ಮಾತ್ರ ಬಿಡಲಿಲ್ಲ. ಅರಕಲಗೂಡಿನಲ್ಲಿ ನೆಂಟರ ಮದುವೆಗೆ ಹೋದಾಗ ಊಟದ ಪಂಕ್ತಿ ಸೊಟ್ಟಗಿದೆಯೆಂದು ಕೂತವರನ್ನೆಲ್ಲ ಎಬ್ಬಿಸಿ ಎಲೆಗಳನ್ನು ನೂಲು ಹಿಡಿದಂತೆ ನೇರ ಮಾಡಿಸಿದೆ. ಪಂಕ್ತಿ ನೇರವಾಗುವ ವೇಳೆಗೆ ಸಾರು ತಣ್ಣಗಾಗಿತ್ತು. ಆ ನೆಂಟರು ಇಂದಿಗೂ ನನ್ನನ್ನು ಊಟವಾದ ಮೇಲೆ ಬರುವಂತೆ ಕರೆಯುತ್ತಾರೆ.

ಸಾಲಿನ ಹಾಗೆಯೇ ನನ್ನ ಇನ್ನೊಂದು ನಿಷ್ಠೆ ಪಂಚೆಯದು. ಪಂಚೆ ಎಂದರೆ ಬೆಳ್ಳಗಿರಬೇಕು, ನೆರಿಗೆ ಮುರಿಯಬಾರದು, ಹಿಂದೆ ಮುಂದೆ ಎಲ್ಲೂ ಕಲೆ ಇರಬಾರದು. ಅದಕ್ಕಾಗಿ ನಾನು ಕಂಡಕಂಡಲ್ಲಿ ಕೂರುವುದಿಲ್ಲ. ಜಗಲಿಯ ಮೇಲೆ ಕೂರಬೇಕಾದರೂ ಮೊದಲು ಊದಿ, ಆಮೇಲೆ ಹೆಗಲ ವಲ್ಲಿಯಿಂದ ಒರೆಸಿ, ಆಮೇಲೆ ಕೂರುತ್ತೇನೆ. ಈ ಪಂಚೆಗಳನ್ನೆಲ್ಲ ಮದುವೆಯಾದಂದಿನಿಂದ, ಮೊದಲು ಊರೂರಿನ ಕೆರೆಯಲ್ಲಿ, ಈಗ ಹೇಮಾವತಿ ಹೊಳೆಯ ಸೋಪಾನದ ಮೇಲೆ ಬಡಿದು ಬಡಿದು ಬೆಳ್ಳಗಿಟ್ಟವಳು ನನ್ನ ಹೆಂಡತಿ ನೀಲಮ್ಮ. ಆಕೆ ಹೆಚ್ಚು ಮಾತಿನವಳಲ್ಲ. "ದೇವ್ರ ವಸ್ತ್ರಕ್ಕಾದ್ರೂ ಒಂದು ಚುಕ್ಕೆ ಅರಿಸಿನ ಆಗುತ್ತೆ, ನಿಮ್ಮ ಪಂಚೆಗೆ ಅದೂ ಆಗ್ಬಾರ್ದು" ಎಂದು ಎಂದೋ ಒಮ್ಮೆ ಹೇಳಿದ್ದುಂಟು. ಅದನ್ನು ನಾನು ಹೊಗಳಿಕೆ ಎಂದೇ ತೆಗೆದುಕೊಂಡಿದ್ದೆ.

ಈಗ ವಿಷಯಕ್ಕೆ ಬರುತ್ತೇನೆ. ಹೋದ ವರ್ಷ ನಮ್ಮ ಹೊಳೆನರಸೀಪುರದ ಸಂತೆ ಮೈದಾನದಲ್ಲಿ ಒಂದು ಟೂರಿಂಗ್ ಟಾಕೀಸಿನ ಟೆಂಟು ಬಂದು ಬೀಡುಬಿಟ್ಟಿತು. ಅದರಲ್ಲಿ ಭಕ್ತಿಪ್ರಧಾನವಾದ ಒಂದು ಪುರಾಣದ ಚಿತ್ರ. ಊರಿನ ಹೆಂಗಸರೆಲ್ಲ ನೋಡಿ, ಅತ್ತು, ಮತ್ತೆ ನೋಡಿ ಮತ್ತೆ ಅತ್ತು ಬಂದರು. ನೀರಿಗೆ ಹೋದಲ್ಲಿ, ಹೂವಿನವಳ ಹತ್ತಿರ, ಎಲ್ಲ ಕಡೆಯೂ ಅದೇ ಮಾತು. ನೋಡದೆ ಉಳಿದವಳು ನೀಲಮ್ಮ ಒಬ್ಬಳೇ. ಕಾರಣ ನಾನು. ಟೆಂಟಿನಲ್ಲಿ ಆಟ ಶುರುವಾಗುವುದು ಕತ್ತಲಾದ ಮೇಲೆ. ನಮ್ಮ ಮನೆಯಲ್ಲಿ ದೀಪ ಹಚ್ಚಿದ ಕೂಡಲೇ ಊಟ, ಊಟವಾದ ಕೂಡಲೇ ನಿದ್ರೆ. ನಾಳೆ ನೋಡೋಣ, ನಾಳಿದ್ದು ನೋಡೋಣ ಎಂದು ನಾನು ತಳ್ಳುತ್ತಲೇ ಇದ್ದೆ. ಕಡೆಗೆ ಒಂದು ದಿನ ಬೀದಿಯಲ್ಲಿ ತಮಟೆ ಹೊಡೆದು ಸಾರಿದರು: ಇವತ್ತೇ ಕೊನೆಯ ಆಟ, ನಾಳೆ ಟೆಂಟು ಕಿತ್ತು ಗಾಡಿಗೆ ಹೇರಿ ಬೇರೆ ಸೀಮೆಗೆ ಪ್ರಯಾಣ. ನೀಲಮ್ಮ ಅವತ್ತು ಸಾಯಂಕಾಲ ಬಿಸಿಲಿರುವಾಗಲೇ ಎಲೆ ಹಾಕಿ, "ಊಟಕ್ಕೆ ಏಳಿ" ಎಂದಳು. ನನಗೆ ಅರ್ಥವಾಯಿತು.

ನಮ್ಮ ಜೊತೆಗೆ ಹೊರಟವಳು ನೀಲಮ್ಮನ ಸೋದರತ್ತೆ ಸಿದ್ದಮ್ಮ. ತನ್ನ ಊರು ದುದ್ದದಿಂದ ನಾಲ್ಕು ದಿನ ಇದ್ದುಹೋಗಲು ಬಂದಿದ್ದ ಹಿರಿಯ ಜೀವ. ಹರಿಕಥೆ ಎಂದರೆ ಪ್ರಾಣ, ಹೊತ್ತು ಮೂಡುವ ತನಕ ಬೇಕಾದರೂ ಕೂತು ಕೇಳುವವಳು. ಟಾಕಿ ಮಾತ್ರ ಎಂದೂ ಕಂಡವಳಲ್ಲ.

ಟೆಂಟಿನ ಬಾಗಿಲಲ್ಲಿ ನಂಜೇಗೌಡ ಎಂಬವನು ನಿಂತಿದ್ದ. ಸಾಲಗಾಮೆ ಕಡೆಯವನು, ಹುರಿಮೀಸೆ, ಕೈಯಲ್ಲಿ ಬೆತ್ತ. ಎಲ್ಲರಿಂದ ಚೀಟಿ ಇಸಿದುಕೊಂಡು ಪೂರಾ ಚೀಟಿಯನ್ನೇ ಒಂದು ತಂತಿಗೆ ಚುಚ್ಚುತ್ತಿದ್ದ. ನನ್ನ ಕಣ್ಣಿಗೆ ಅದು ಸರಿಬೀಳಲಿಲ್ಲ.

"ಅರ್ಧ ಹರಿದು ವಾಪಸು ಕೊಡಬೇಕಲ್ಲಪ್ಪ? ನಾಳೆ ಒಳಗಿದ್ದವನು ಯಾರು, ಹೊರಗಿದ್ದವನು ಯಾರು ಅಂತ ಹೇಗೆ ಗೊತ್ತಾಗಬೇಕು? ಎಲ್ಲದಕ್ಕೂ ಒಂದು ನಿಯಮ ಬೇಡವೇ?"

"ಒಳಗಿದ್ದೋನು ಯಾಕ್ ಸಾ ಆಚೆಗ್ ಬತ್ತಾನೆ? ಕಾಸು ಕೊಟ್ಟಿರ್ತಾನೆ" ಎಂದು ನಂಜೇಗೌಡ ನಕ್ಕ. ಆ ಮಾತಿಗೆ ಉತ್ತರ ನಾನೇ ಕೊಡುವವನಿದ್ದೇನೆಂದು ಆಗ ಇಬ್ಬರಿಗೂ ತಿಳಿಯದು.

ಟೆಂಟಿನೊಳಗೆ ನೆಲದ ತುಂಬ ಹೊಳೆಯ ಮರಳು ಹಾಸಿದ್ದರು. ದೂಳೇಳದಿರಲೆಂದು ಅದಕ್ಕೆ ಧಾರಾಳವಾಗಿ ನೀರು ಚಿಮುಕಿಸಿದ್ದರು. ಎಡಕ್ಕೆ ಹೆಂಗಸರು, ಬಲಕ್ಕೆ ಗಂಡಸರು, ನಡುವೆ ಸೊಂಟದೆತ್ತರದ ಒಂದು ತಡಿಕೆ. ಹಿಂದುಗಡೆ ಕೆಲವು ಕಬ್ಬಿಣದ ಕುರ್ಚಿಗಳು. ಒದ್ದೆ ಮರಳಿನ ಸುದ್ದಿ ಮೊದಲೇ ಕೇಳಿ, ನನ್ನ ಪಂಚೆಯನ್ನು ನೆನೆದು ನಾನು ಕುರ್ಚಿಗೆ ಚೀಟಿ ಕೊಂಡಿದ್ದೆ. ನನ್ನನ್ನು ಬಿಟ್ಟರೆ ಕುರ್ಚಿಗೆ ಬಂದವರು ಜವಳಿ ಅಂಗಡಿಯ ಬಸಪ್ಪಶೆಟ್ಟರೊಬ್ಬರೇ; ಪಕ್ಕದಲ್ಲಿ ಕೂತು ಆಗಲೇ ಕಣ್ಣು ಮುಚ್ಚುವ ಸಿದ್ಧತೆಯಲ್ಲಿದ್ದರು. ನೀಲಮ್ಮ ಮತ್ತು ಸಿದ್ದಮ್ಮ ಹೆಂಗಸರ ಕಡೆ ಮರಳಿನ ಮೇಲೆ ಕೂತರು. ಕೊನೆಯ ಆಟವೆಂದು ಸುತ್ತಲ ಹಳ್ಳಿಗಳಿಂದ ಬಂದವರೇ ಹೆಚ್ಚು, ಟಾಕಿ ಅವರಿಗೂ ಹೊಸದು.

ಮುಖ್ಯ ಚಿತ್ರಕ್ಕೆ ಮೊದಲು ಒಂದು ವಾರ್ತಾಚಿತ್ರ ಹಾಕುವುದು ಆಗತಾನೆ ರೂಢಿಯಾಗಿತ್ತು. ಅವತ್ತು ಹಾಕಿದ್ದು ಲಂಡನ್ನಿನ ಒಲಿಂಪಿಕ್ ಕ್ರೀಡೆಗಳ ಪ್ರಾರಂಭೋತ್ಸವ. ಕ್ರೀಡೆ ಮುಗಿದು ತಿಂಗಳುಗಳೇ ಕಳೆದಿದ್ದವು. ಆದರೆ ನಮ್ಮ ಊರಿಗೆ ಅದು ಅವತ್ತೇ ಪ್ರಾರಂಭ. ಪತ್ರಿಕೆಯಲ್ಲಿ ಓದಿಕೊಂಡಿದ್ದವನು ನಾನೊಬ್ಬನೇ ಆದ್ದರಿಂದ ಕೂತಲ್ಲಿಂದಲೇ ಗಟ್ಟಿಯಾಗಿ ವಿವರಣೆ ಕೊಡುವ ಭಾರವೂ ನನ್ನ ಮೇಲೆ ಬಿತ್ತು. ಯಾರೂ ಹೊರಿಸಲಿಲ್ಲ, ತಾನಾಗಿ ಬಿತ್ತು.

ಪರದೆಯ ಮೇಲೆ ದೊಡ್ಡ ಬಯಲು, ಸುತ್ತ ಮೆಟ್ಟಿಲು ಮೆಟ್ಟಿಲಾಗಿ ಲೆಕ್ಕವಿಲ್ಲದ ಜನ. ಒಂದೊಂದು ದೇಶದವರೂ ಬಾವುಟ ಹಿಡಿದು ಸಾಲುಸಾಲಾಗಿ ಬರುತ್ತಿದ್ದಾರೆ. ಆಹಾ, ಅದು ಸಾಲು! ಕೂತಲ್ಲೇ ನನ್ನ ಕಾಲು ಲೆಫ್ಟ್ ರೈಟ್ ಹಾಕತೊಡಗಿತು.

"ಇದ್ಯಾರ ದಿಬ್ಬಣ್ವೇ ನೀಲಿ, ಗಂಡೂ ಇಲ್ಲ, ಎಣ್ಣೂ ಇಲ್ಲ?" ಎಂದು ತಡಿಕೆಯಾಚೆಯಿಂದ ಸಿದ್ದಮ್ಮನ ದನಿ. "ಇಷ್ಟೊಂದ್ ಜನಕ್ಕೆ ಎಲೆ ಹಾಕೋರ್ಯಾರವ್ವಾ?"

"ದಿಬ್ಬಣ ಅಲ್ಲ ಅತ್ತೆ, ಲೋಕದ ಎಲ್ಲ ದೇಶದವರೂ ಆಟಕ್ಕೆ ಬಂದಿದ್ದಾರೆ" ಎಂದು ನಾನು ಕೂಗಿ ಹೇಳಿದೆ.

"ಆಟಕ್ಕಾ? ಇಷ್ಟ್ ದೊಡ್ಡೋರಾಗಿ?"

ಇಂಗ್ಲೆಂಡಿನ ಅರಸರು ಕಾಣಿಸಿಕೊಂಡಾಗ ಅದನ್ನೂ ಕೂಗಿ ಹೇಳಿದೆ. ಮುಂದೆ ಮರಳಿನ ಮೇಲೆ ಕೂತಿದ್ದ ಒಬ್ಬ ಹಿಂತಿರುಗಿ, "ಮೇಷ್ಟ್ರೇ, ರಾಜ ಅಂತೀರಿ, ಕಿರೀಟ್ವೇ ಇಲ್ವಲ್ಲ ಸಾ? ಟೋಪಿ ಇಕ್ಕವ್ನೆ" ಎಂದು ನನ್ನನ್ನೇ ತಪ್ಪಿತಸ್ಥನ ಹಾಗೆ ಕೇಳಿದ. ಅಷ್ಟರಲ್ಲಿ ಪಾರಿವಾಳಗಳನ್ನು ಬಿಟ್ಟರು. ಪರದೆಯ ತುಂಬ ರೆಕ್ಕೆ. "ಅಯ್ಯಯ್ಯೋ, ಎಲ್ಲಾನೂವೆ ಬುಟ್ಬುಟ್ರಲ್ಲೋ! ಒಂದಾದ್ರೂ ಇಡ್ಕಬಾರ್ದಾಗಿತ್ತಾ?" ಎಂದು ಇನ್ನೊಬ್ಬ ನಿಜವಾಗಿಯೂ ಮರುಗಿದ. ಯಾವುದೋ ದೇಶದ ಹೆಂಗಸರು ಮೊಳಕಾಲಿನವರೆಗೆ ಬಟ್ಟೆ ಉಟ್ಟು ನಡೆದು ಬಂದಾಗ ಹೆಂಗಸರ ಕಡೆ ಗುಸುಗುಸು ಎದ್ದು, "ಬಟ್ಟೆ ರೇಷನ್ನು ನಮಗಿಂತ ಅವರಿಗೇ ಬಿಗಿ" ಎಂಬ ತೀರ್ಮಾನದೊಂದಿಗೆ ಅಡಗಿತು.

ಆಮೇಲೆ ನಮ್ಮವರು ಬಂದರು. ತಲೆಗೆ ಪೇಟ, ಮುಂದೆ ನಮ್ಮ ಬಾವುಟ. "ನಮ್ಮೋರು ಕಣ್ರಲಾ! ಪೇಟ ನೋಡ್ರಲಾ!" ಎಂದು ಯಾರೋ ಕಿರುಚಿದ್ದೇ ತಡ, ಸಿಳ್ಳು, ಚಪ್ಪಾಳೆ, ಮರಳು ತೂರಾಟ. ಬಸಪ್ಪಶೆಟ್ಟರು ಕೂಡ ಎಚ್ಚರಗೊಂಡು, ನೋಡಿ, ಕೈಮುಗಿದು, ಮತ್ತೆ ಮಲಗಿದರು. ಮೂರನೆಯ ಸಾಲಿನಲ್ಲಿ ಒಬ್ಬರ ಹೆಜ್ಜೆ ತಪ್ಪಿದ್ದು ನನಗೆ ಕಾಣಿಸಿತು. ಯಾರಿಗೂ ಹೇಳಲಿಲ್ಲ. ನನ್ನ ಜೀವಮಾನದಲ್ಲಿ ನಾನು ಮಾಫಿ ಮಾಡಿದ ಒಂದೇ ಹೆಜ್ಜೆ ಅದು.

ಕೊನೆಗೆ ಬಿಳಿಯ ಬಟ್ಟೆಯ ಒಬ್ಬ ಎತ್ತರದ ಯುವಕ ಉರಿಯುವ ಪಂಜು ಹಿಡಿದು ಬಯಲನ್ನು ಪ್ರದಕ್ಷಿಣೆ ಬಂದ. ಮೆಟ್ಟಿಲು ಹತ್ತಿ, ಪಂಜನ್ನು ಎತ್ತಿ ತೋರಿಸಿ, ದೊಡ್ಡ ಬಟ್ಟಲೊಂದಕ್ಕೆ ಉರಿ ಮುಟ್ಟಿಸಿದ. ಜ್ವಾಲೆ ಭಗ್ಗನೆ ಎದ್ದಿತು.

"ಏಳ್ರವ್ವಾ ಏಳ್ರಿ! ಮಂಗಳಾರತಿ ಆಯ್ತಾ ಐತೆ, ಇನ್ನೂ ಕುಂತೇ ಇದ್ದೀರಲ್ಲಾ!" ಎಂದಳು ಸಿದ್ದಮ್ಮ.

ಹರಿಕಥೆಯಲ್ಲಿ ಮಂಗಳಾರತಿ ಎತ್ತಿದರೆ ಕೂತಿರುವುದುಂಟೇ? ಹೆಂಗಸರೆಲ್ಲ ಎದ್ದು ನಿಂತು ಕೈಮುಗಿದರು. ಕೆಲವರು ಪರದೆಯ ಕಡೆಗೆ ಕೈಚಾಚಿ ಆರತಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಅಷ್ಟರಲ್ಲಿ ರೀಲು ಮುಗಿಯಿತು. ಪರದೆ ಬಿಳುಪಾಯಿತು. ಬೇರೆ ರೀಲು ಏರಿಸಲು ಬೇಕೆಂದು ಪೆಟ್ರೋಮ್ಯಾಕ್ಸ್ ಹಚ್ಚಿದರು. ಮೆರವಣಿಗೆ ಆಯಿತು, ರಾಜದರ್ಶನವಾಯಿತು, ಮಂಗಳಾರತಿಯೂ ಆಯಿತು, ದೀಪವೂ ಬಂತು. ಹರಿಕಥೆ ಕೇಳಿ ಬೆಳೆದ ಜನಕ್ಕೆ ಇನ್ನೇನು ಬಾಕಿ? ಸಿದ್ದಮ್ಮ ಸೆರಗು ಕೊಡವಿ, ನೀಲಮ್ಮನ ಕೈ ಹಿಡಿದು ಹೊರಟೇಬಿಟ್ಟಳು. ಅವಳ ಹಿಂದೆ ಹೆಂಗಸರು. ಹೆಂಗಸರು ಹೊರಟರೆಂದು ಗಂಡಸರು. ಬಾಗಿಲಲ್ಲಿ ನೂಕುನುಗ್ಗಲು.

ನೂಕುನುಗ್ಗಲು ನನ್ನ ಕಣ್ಣಿಗೆ ಬಿತ್ತು. ಮುಂದೆ ಏನಾಯಿತೆಂದು ಓದುಗರು ಊಹಿಸಬಲ್ಲರು. ನಾನು ಕುರ್ಚಿಯಿಂದ ಚಿಮ್ಮಿ ಬಾಗಿಲಿಗೆ ಹೋಗಿ ಎರಡೂ ಕೈ ಚಾಚಿ ನಿಂತೆ. "ನಿಧಾನ! ಇಬ್ಬಿಬ್ಬರು! ಹೆಂಗಸರು ಮೊದಲು! ಏಯ್ ಕೆಂಪು ರುಮಾಲು, ಹಿಂದೆ ಸರಿ! ಲೆಫ್ಟ್, ರೈಟ್!" ಎಲ್ಲೋ ಅನುಮಾನವಿದ್ದ ಕೆಲವರೂ, "ಮೇಷ್ಟ್ರೇ ನಿಂತ್ಕಂಡು ಕಳಿಸ್ತಾವ್ರೆ ಅಂದ್ಮೇಲೆ ಆಯ್ತು ಬುಡು" ಎಂದು ಎದ್ದು ಬಂದರು. ಒಬ್ಬರ ಕಾಲನ್ನೊಬ್ಬರು ತುಳಿಯದೆ, ಒಂದು ಚೆಂಬೂ ಉರುಳದೆ, ಟೆಂಟು ಖಾಲಿಯಾಯಿತು. ಲಂಡನ್ನಿನವರು ಕಂಡಿದ್ದರೆ ಸಂತೋಷಪಡುತ್ತಿದ್ದರು.

ಕೊನೆಯವನಾಗಿ ನಾನು ಹೊರಗೆ ಬಂದು ಕೈ ಒರೆಸಿಕೊಳ್ಳುತ್ತಿರುವಾಗ, ಒಳಗೆ ಖಾಲಿ ಟೆಂಟಿನಲ್ಲಿ, ಚಿತ್ರದ ಗಣೇಶಸ್ತುತಿ ಪ್ರಾರಂಭವಾಯಿತು.

ಎಲ್ಲರೂ ನನ್ನನ್ನು ನೋಡಿದರು. ನೀಲಮ್ಮನೂ ನೋಡಿದಳು. ಆ ನೋಟದಲ್ಲಿ ಕೋಪವಿದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಕೊನೆಯ ಆಟ, ಇವತ್ತು ಹೋದರೆ ಹೋಯಿತು. ಅಷ್ಟೇ ಇತ್ತು ಅದರಲ್ಲಿ.

ಜನ ಬಾಗಿಲಿಗೆ ನುಗ್ಗಿದರು. ನಂಜೇಗೌಡ ಬೆತ್ತ ಅಡ್ಡ ಹಿಡಿದ. "ನಿಂತ್ಕಳ್ರಿ! ಇದ್ರಾಗೆ ಒಳಗಿದ್ದೋರ್ಯಾರು, ಆಚೆ ನಿಂತು ಪುಕ್ಸಟ್ಟೆ ಆಡು ಕೇಳ್ತಿದ್ದೋರ್ಯಾರು? ನಂಗೆಂಗ್ ಗೊತ್ತಾಗ್ಬೇಕು?" ಅವನು ಹೇಳಿದ್ದು ನಿಜ. ಟೆಂಟಿನ ಸುತ್ತ ಚೀಟಿ ಕೊಳ್ಳದೆ ಹಾಡು ಕೇಳಲು ನಿಂತಿದ್ದ ದೊಡ್ಡ ಗುಂಪೊಂದು ನಮ್ಮ ಗುಂಪಿನಲ್ಲಿ ಬೆರೆತುಹೋಗಿತ್ತು. "ಯೋಳಿ ಮೇಷ್ಟ್ರೇ, ಖಾಲಿ ಮಾಡಿಸ್ದೋರು ನೀವೇಯ. ಈಗೇನ್ ಮಾಡಾನ?"

ಕಷ್ಟಕಾಲದಲ್ಲಿ ನನಗೆ ನಿಯಮಗಳು ಹೊಳೆಯುತ್ತವೆ. "ಬಹಳ ಸುಲಭ" ಎಂದೆ. "ಒಳಗಿದ್ದವರು ಒದ್ದೆ ಮರಳಿನ ಮೇಲೆ ಕೂತಿದ್ದರು. ಎರಡು ಸಾಲು ಮಾಡು. ಒಬ್ಬೊಬ್ಬರೂ ಹಿಂದಕ್ಕೆ ತಿರುಗಲಿ. ಬಟ್ಟೆಗೆ ಮರಳು ಹತ್ತಿದ್ದರೆ ಒಳಗೆ. ಇಲ್ಲದಿದ್ದರೆ ಇಲ್ಲ. ಯಾರೇ ಆಗಲಿ, ದಾಕ್ಷಿಣ್ಯ ಬೇಡ."

"ಬಲೇ ಸಾ!" ಎಂದ ನಂಜೇಗೌಡ. ಹೆಂಗಸರ ಸಾಲನ್ನು ಸಿದ್ದಮ್ಮನೇ ಪರೀಕ್ಷೆ ಮಾಡಿ ಕಳಿಸಿದಳು. ನೀಲಮ್ಮ ಮೊದಲಿಗಳಾಗಿ ಒಳಗೆ ಹೋದಳು. ಗಂಡಸರ ಸಾಲು ಚಕಚಕನೆ ಕರಗಿತು. ಮರಳಿಲ್ಲದ ಕೆಲವರನ್ನು ನಾನೇ ಹಿಂದಕ್ಕೆ ಕಳಿಸಿದೆ. ದರ್ಜಿ ಮಾದಪ್ಪ, "ನಾನು ಟವಲ್ ಆಸ್ಕಂಡ್ ಕುಂತಿದ್ದೆ ಸಾ, ನನ್ನಾಣೆ" ಎಂದು ಬಹಳ ಹೇಳಿದ. "ನಿಯಮ ಅಂದರೆ ನಿಯಮ, ಮಾದಪ್ಪ" ಎಂದೆ.

ಎಲ್ಲರೂ ಒಳಗೆ ಹೋದ ಮೇಲೆ ನಾನು ಹೆಜ್ಜೆ ಇಟ್ಟೆ. ಬೆತ್ತ ಅಡ್ಡ ಬಂತು.

"ತಿರುಗಿ ಸಾ."

"ನಾನಪ್ಪ, ನಂಜೇಗೌಡ!"

"ನೀವೇಯ, ತಿರುಗಿ."

ತಿರುಗಿದೆ. ನನ್ನ ಹಿಂದೆ ಮಾದಪ್ಪನೂ ಅವನ ಸಂಗಡಿಗರೂ ಬಾಗಿ ನೋಡಿದರು. ಪಂಚೆ ಹಾಲಿನಂತಿತ್ತು.

"ಕುರ್ಚೀಲಿ ಕೂತಿದ್ದೆನಯ್ಯ! ಬಸಪ್ಪಶೆಟ್ಟರನ್ನ ಕೇಳು!"

ನಂಜೇಗೌಡ ಒಳಗೆ ಇಣುಕಿ ಬಂದ. ಊರೆಲ್ಲ ಎದ್ದುಹೋದಾಗಲೂ ಏಳದೆ ಉಳಿದ ಒಬ್ಬರೇ ಒಬ್ಬರು ಶೆಟ್ಟರು. "ಗೊರ್ಕೆ ಒಡೀತಾವ್ರೆ ಸಾ. ನಿಮ್ ಗುರ್ತು ನಂಗಿಲ್ವಾ? ಐತೆ. ಆದ್ರೆ ಪಂಚೇಲಿ ಮರ್ಳಿಲ್ವಲ್ಲ."

"ನಮ್ಗೊಂದು, ಮೇಷ್ಟ್ರಿಗೊಂದಾ?" ಎಂದ ಮಾದಪ್ಪ, ತಾಳ್ಮೆಯಿಂದ.

ಒಳಗೆ ಸ್ತುತಿ ಮುಗಿದು ಕಥೆ ಪ್ರಾರಂಭವಾಗುವ ಸದ್ದು. ಅಷ್ಟರಲ್ಲಿ ನೀಲಮ್ಮ ಹೊರಗೆ ಬಂದಳು. ನನ್ನ ಕುರ್ಚಿ ಖಾಲಿ ಇದ್ದದ್ದನ್ನು ಕಂಡಿರಬೇಕು.

"ನೀನು ಹೋಗು, ಕಥೆ ತಪ್ಪಿಹೋಗುತ್ತೆ. ನಾನು ಇಲ್ಲೇ ಇರುತ್ತೇನೆ" ಎಂದೆ.

"ನಿಮ್ಮನ್ನ ಬೀದೀಲಿ ನಿಲ್ಸಿ ನಾನ್ ಒಳಗೆ ದೇವ್ರ ಕಥೆ ನೋಡ್ಲಾ? ಏನಂತೆ ಇವ್ರದ್ದು?"

ನಂಜೇಗೌಡ ನಿಯಮವನ್ನು ವಿವರಿಸಿದ. ಯಾರು ಮಾಡಿದ ನಿಯಮ ಎಂಬುದನ್ನೂ ವಿವರಿಸಿದ. ನೀಲಮ್ಮ ಒಂದು ಕ್ಷಣ ನನ್ನ ಪಂಚೆಯನ್ನು ನೋಡಿದಳು. ಆಮೇಲೆ ಟೆಂಟಿನ ಬಾಗಿಲಲ್ಲೇ ಬಗ್ಗಿ, ಬೊಗಸೆ ತುಂಬ ಒದ್ದೆ ಮರಳು ಬಾಚಿ, "ತಿರುಗಿ" ಎಂದಳು. ತಿರುಗಿದೆ. ಪಟಾರ್ ಎಂದು ಬಿತ್ತು. ಸಾಲದೆಂದು ಇನ್ನೊಂದು ಬೊಗಸೆ. ಅದನ್ನು ಅಂಗೈಯಿಂದ ಚೆನ್ನಾಗಿ ಮೆತ್ತಿದಳು. ಇಷ್ಟು ವರ್ಷ ಸೋಪಾನದ ಮೇಲೆ ಬಡಿದ ಕೈ, ಬಲ ಇತ್ತು. ತಿರುಗಿ ನೋಡಿದೆ, ನಗುತ್ತಿದ್ದಳು. ಮದುವೆಯ ದಿನ ನಕ್ಕ ನಗು ಅದು, ಆಮೇಲೆ ಕಂಡಿರಲಿಲ್ಲ.

"ಈಗ್ ಸರಿ ಆಯ್ತು, ಬನ್ನಿ ಸಾ" ಎಂದು ನಂಜೇಗೌಡ ಬೆತ್ತ ಎತ್ತಿದ. ಹಿಂದೆ ಮಾದಪ್ಪ ಆಗಲೇ ಮರಳಿಗೆ ಬಗ್ಗಿದ್ದ.

ಒಳಗೆ ಹೋದವನು ನಾನು ಕುರ್ಚಿಯ ಕಡೆ ಹೋಗಲಿಲ್ಲ. ತಡಿಕೆಯ ಪಕ್ಕ, ಗಂಡಸರ ಕಡೆಯ ಮರಳಿನ ಮೇಲೆ ಕೂತೆ. ತಂಪಾಗಿಯೇ ಇತ್ತು. ಚಿತ್ರದ ಕಥೆ ನನಗೆ ಅಷ್ಟಾಗಿ ನೆನಪಿಲ್ಲ. ತಡಿಕೆಯಾಚೆ ನೀಲಮ್ಮ ಎಲ್ಲೆಲ್ಲಿ ಅತ್ತಳು ಎಂಬುದು ನೆನಪಿದೆ. ಇಂಟರ್‌ವಲ್ಲಿಗೆ ದೀಪ ಹತ್ತಿದಾಗ ನಾನು ಎದ್ದು, ರೂಢಿಯಂತೆ, ಪಂಚೆಯ ಹಿಂಭಾಗಕ್ಕೆ ಕೈ ಹಾಕಿದೆ.

"ಕೊಡವಬೇಡಿ" ಎಂದಳು ನೀಲಮ್ಮ ತಡಿಕೆಯ ಮೇಲಿಂದ. "ಸೋಡಾ ತರೋಕೆ ಆಚೆ ಹೋಗ್ತೀರಲ್ಲ? ವಾಪಸ್ ಬರೋದು ಬೇಡ್ವಾ?"

ನಾನು ಕೈ ತೆಗೆದೆ. ಬಾಗಿಲ ಕಡೆ ನೋಡಿದೆ. ಅಲ್ಲಿ ಜನ ಮತ್ತೆ ಗುಂಪುಗೂಡಿ ನೂಕಾಡುತ್ತಿದ್ದರು. ನಾನು ಯಾರನ್ನೂ ಸಾಲಿಗೆ ನಿಲ್ಲಿಸದೆ, ಮರಳನ್ನು ಜೋಪಾನವಾಗಿ ಹೊತ್ತುಕೊಂಡು, ಆ ಗುಂಪಿನಲ್ಲಿ ನೂಕಿಕೊಂಡು ಹೋದೆ.