ಬಾವಿಯ ಮೀನು, ಮಾವನ ನಗೆ

ನಮ್ಮ ಸೋದರಮಾವನಂಥ ಮಡಿವಂತ ಕುರಕುಂಟಾದಲ್ಲಿ ಇನ್ನೊಬ್ಬನಿರಲಿಲ್ಲ. ಬೆಳ್ಳುಳ್ಳಿಯ ವಾಸನೆ ಬಂದರೂ ಎರಡು ಸಲ ಸ್ನಾನ! ಅಂಥವನು ಕಂಡಕಂಡವರನ್ನು ನಿಲ್ಲಿಸಿ, “ಮೀನ ತಿಂತೀರೇನ್ರಿ? ಒಯ್ದು ತಿನ್ರಿ, ಪುಣ್ಯ ಬರ್ತದ!” ಎಂದು ಬೇಡಿಕೊಂಡ ಎಂದರೆ ನಂಬುತ್ತೀರಾ?

ಮಾವ ಹಣಮಪ್ಪನ ಗುಡಿಯ ಪೂಜಾರಿ, ಮಹಾ ಸಿಡುಕ. ಅವನು ನಕ್ಕಿದ್ದನ್ನು ಕಂಡವರಿಲ್ಲ, ಕೇಳಿದವರಿದ್ದೆವು! ಬೆಳಿಗ್ಗೆ ಪೂಜೆ ಮುಗಿಸಿ ಗುಡಿಯ ಹಿಂದಿನ ಮೆಟ್ಟಿಲುಬಾವಿಗೆ ಇಳಿದು, ನೈವೇದ್ಯದ ಅನ್ನ ಚೆಲ್ಲಿ, ನೀರಲ್ಲಿ ಕಾಲು ಬಿಟ್ಟು ಕೂರುತ್ತಿದ್ದ. ಬೆರಳುದ್ದದ ಬೆಳ್ಳಿ ಮೀನುಗಳು ಬಂದು ಅಂಗಾಲಿಗೆ ಬಾಯಿ ಹಚ್ಚುತ್ತಿದ್ದವು. ಕಚಗುಳಿಯೋ ಕಚಗುಳಿ! ಆ ನಗೆ ಗುಡಿ ದಾಟಿ ಮಾವನ ಮನೆಯ ಒಲೆಯವರೆಗೆ ಬರುತ್ತಿತ್ತು. ಯಾರಾದರೂ ನೋಡಲು ಹೋದರೆ ಥಟ್ಟನೆ ಬಂದ್! ರಜೆಗೆ ಹೋದಾಗಲೆಲ್ಲ ನೋಡುತ್ತಿದ್ದೆ, ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕಿವಿಗೊಡುತ್ತಿದ್ದಳು.

“ನನ್ನ ಮುಂದ ಒಂದಿನಾ ಹಿಂಗ ನಕ್ಕಿಲ್ಲ ನೋಡವ್ವಾ. ಇರ್ಲಿ, ಮೀನರೆ ನಗಸ್ತಾವ. ಮನಿತನಾ ಕೇಳಸ್ತದಲ್ಲ, ಅಷ್ಟ ಸಾಕು.”

ಅಷ್ಟಕ್ಕೇ ಸಾಕೆನ್ನುವುದನ್ನು ನಾನು ಕಲಿತದ್ದು ಅವಳಿಂದಲೇ. ದೇವರು ದೊಡ್ಡವನು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ವಾಡಿಯ ಸಂತೆಯಲ್ಲಿ ಮಾವ ಬುಟ್ಟಿಯೊಳಗೆ ಒದ್ದಾಡುವ ಮೀಸೆಯ ಮೀನುಗಳನ್ನು ಕಂಡ. ಆಗ ಅಲ್ಲಲ್ಲಿ ಹೊಂಡ ತೋಡಿ ಸಾಕಲು ಹತ್ತಿದ್ದ ಆಫ್ರಿಕದ ಕ್ಯಾಟ್‌ಫಿಶ್ ಅವು. ಮೇಲೆ ಎತ್ತಿದ ಕತ್ತಿ! ಮಾವನ ಕರುಳು ಚುರ್ ಎಂದಿತು. ಮತ್ಸ್ಯಾವತಾರ ಅಲ್ಲವೇ? ಎರಡನ್ನು ಬಿಡಿಸಿಕೊಂಡು, ಕೊಡದಲ್ಲಿ ತಂದು, ತುಳಸಿ ನೀರು ಚಿಮುಕಿಸಿ ಬಾವಿಗೆ ಬಿಟ್ಟ. ಎರಡು ಜೀವ ಉಳಿಸಿದೆನೆಂದು ಓಣಿಗೆಲ್ಲ ಸಕ್ಕರೆ ಹಂಚಿದ.

ಉಳಿದ ಜೀವಗಳು ಉಳಿಯಲಿಲ್ಲ! ವರ್ಷ ತುಂಬುವುದರೊಳಗೆ ಮೀಸೆಯವು ಮೊಳದುದ್ದವಾದವು. ಮರಿಗಳೂ ಆದವು. ಬೆಳ್ಳಿ ಮೀನು, ಕಪ್ಪೆಮರಿ, ಎಲ್ಲ ಅವುಗಳ ಹೊಟ್ಟೆಗೆ. ನೀರು ರಾಡಿಯಾಯಿತು. ಮಾವ ಕಾಲು ಬಿಟ್ಟು ಕಾಯುತ್ತಿದ್ದ. ಅತ್ತೆ ರೊಟ್ಟಿ ನಿಲ್ಲಿಸಿ ಕಾಯುತ್ತಿದ್ದಳು. ನಗೆ ಮಾತ್ರ ಬರಲಿಲ್ಲ.

ಆಗಲೇ ಮಾವ ಮೀನು ತಿನ್ನುವವರನ್ನು ಹುಡುಕತೊಡಗಿದ್ದು. ಕೊನೆಗೆ ಕಾಗಿಣಾ ಹೊಳೆಯಲ್ಲಿ ಬಲೆ ಬೀಸುವವನೊಬ್ಬನನ್ನು ಸೇಡಂನಿಂದ ಕರೆತಂದ. ಅವನು ಬಾವಿ ನೋಡಿ ಹಿಂದೆ ಸರಿದ.

“ಗುಡಿ ಬಾವ್ಯಾಗಿನ ಮೀನ ಹಿಡದ್ರ ಕಣ್ಣ ಹೋಗ್ತಾವಂತ ನೀವೇ ಹೇಳಿದ್ರಲ್ರಿ ಆಚಾರ್ರೇ!”

“ಏ, ಅದು ಹುಡುಗ್ರನ್ನ ಅಂಜಸ್ಲಿಕ್ಕ ಹೇಳಿದ್ದಲೇ!”

“ಹಂಗಂತ ಹಣಮಪ್ಪನ ಮುಂದ ನಿಂತು ಹೇಳ್ರಿ.”

ಮಾವ ದೇವರ ಮುಂದೆ ತನ್ನ ಸುಳ್ಳು ಒಪ್ಪಿಕೊಂಡ ಮೇಲೆಯೇ ಬಲೆ ಇಳಿಯಿತು! ಹೋಗುವಾಗ ಅವನು, “ಒಂದು ತುಕಡಿ ನಿಮಗೂ ಕಳಸ್ಲೇನ್ರಿ?” ಎಂದ. ಅವತ್ತು ಮಾವನಿಗೆ ನಾಲ್ಕು ಸ್ನಾನ.

ಇನ್ನು ಸಣ್ಣ ಮೀನು ಬೇಕಲ್ಲ? ಚಂದ್ರಂಪಳ್ಳಿಯ ಹಳ್ಳದಿಂದ ತಂಬಿಗೆಯಲ್ಲಿ ಹಿಡಿದು ತಂದ. ಬಸ್ಸಿನಲ್ಲಿ ಅಜ್ಜಿಯೊಬ್ಬಳು, “ಒಂದು ಹನಿ ತೀರ್ಥ ಹಾಕ್ರಿ” ಎಂದು ಬಿಡದೆ ಕೈಚಾಚಿದಳಂತೆ. ಹನಿಯ ಸಂಗಡ ಅಂಗೈಗೆ ಮೀನೂ ಬಿತ್ತು! ಅವಳು ಅಲ್ಲೇ ಮಾವನ ಕಾಲಿಗೆ ಬಿದ್ದಳು.

ಆದರೆ ಬಲೆಗೆ ಸಿಗದ ಮರಿಗಳು ಕೆಸರಿನಲ್ಲಿ ಎಷ್ಟು ಹುದುಗಿದ್ದವೋ! ಕೆಲವೇ ದಿನಗಳಲ್ಲಿ ಹಳ್ಳದ ಮೀನೂ ಮಾಯ.

ಮುಂದೆ ಅತ್ತೆಗೆ ಮೊಣಕಾಲುಗಳು ಹಿಡಿದುಕೊಂಡು, ಹೊಸ್ತಿಲು ದಾಟುವುದೂ ಕಷ್ಟವಾಯಿತು. ಆ ವರ್ಷ ನಾನು ಹೋಗಿದ್ದಾಗ, ಒಂದು ಬೆಳಿಗ್ಗೆ ಬಾವಿಯಿಂದ ನಗೆ! ಅದೇ ನಗೆ!

ಅತ್ತೆ ಹಿಟ್ಟಿನ ಕೈ ಹಾಗೇ ಎತ್ತಿ ಹಿಡಿದಳು. “ಕೇಳ್ದೇನವ್ವಾ? ಬಂದಾವ! ನನ್ನ ಕಾಲಂತೂ ಹೋದ್ವು, ನೀ ನೋಡ್ಕೊಂಡ ಬಾ.”

ಓಡಿದೆ. ಮಾವ ನೀರಿನಿಂದ ಬಹಳ ಮೇಲೆ, ಒಣ ಮೆಟ್ಟಿಲ ಮೇಲೆ, ಕಾಲು ಮಡಚಿ ಕುಳಿತಿದ್ದ. ಮನೆಯ ಕಡೆ ಮುಖ ಮಾಡಿ ಜೋರಾಗಿ ನಗುತ್ತಿದ್ದ. ಅವನು ನಗುವುದನ್ನು ನಾನು ಕಂಡದ್ದು ಅದೊಂದೇ ಸಲ. ನನ್ನನ್ನು ನೋಡಿ ನಿಲ್ಲಿಸಿದ. ಆಮೇಲೆ ಮೆಲ್ಲಗೆ ಕೇಳಿದ:

“ಆಕಿಗಿ ಕೇಳಸ್ತದೇನ?”

ನಾನು ಹೌದೆಂದು ತಲೆಯಾಡಿಸಿ ಹಿಂದಿರುಗಿದೆ. ಅತ್ತೆ ಬಾಗಿಲ ಕಡೆಗೇ ನೋಡುತ್ತಿದ್ದಳು.

“ಬಂದಾವೇನವ್ವಾ?”

“ಭಾಳ ಬಂದಾವ ಅತ್ತಿ.”

ಅತ್ತೆ ದೇವರ ಮನೆಯ ಕಡೆ ಕೈಮುಗಿದಳು. “ಹಂಗಾದ್ರ ನಾಳಿಂದ ನೈವೇದ್ಯಕ್ಕ ಒಂದು ಹಿಡಿ ಅಕ್ಕಿ ಜಾಸ್ತಿ ಹಾಕ್ಬೇಕು ತಗೋ.”