ಒಂಬತ್ತರ ರೈಲು ಮತ್ತು ಜಪಾನಿನ ಇನ್ಸ್‌ಪೆಕ್ಟರ್

ಚೈತ್ರಾ, ಭರತಾ,

ನೀವಿಬ್ಬರೂ ಈ ಸಂಗತಿಯನ್ನು ನಿಮ್ಮಮ್ಮನ ಬಾಯಲ್ಲಿ ಕೇಳಿ, ಬಂಗಾರಪೇಟೆಯ ಮನೆಯಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಿರಂತೆ. ನಿಮ್ಮಮ್ಮ ಹೇಳಿದ್ದರಲ್ಲಿ ಅರ್ಧ ತಪ್ಪು. ನಡೆದದ್ದು ಅದಕ್ಕಿಂತ ಕೆಟ್ಟದ್ದು. ಅದಕ್ಕೇ ನಾನೇ ಬರೆಯುತ್ತಿದ್ದೇನೆ. ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸು ಓದಿದವಳ ಬರಹ. ಅಕ್ಷರ ತಿದ್ದಲು ಬರಬೇಡಿ, ನಾನು ಮೊದಲೇ ಕೋಪದಲ್ಲಿದ್ದೇನೆ.

ಮೊದಲ ತಪ್ಪು ಚೈತ್ರಾಳದು. ಜಪಾನಿನ ಆ ಪತ್ತೇದಾರಿ ಕಾದಂಬರಿಯನ್ನು ತಂದುಕೊಟ್ಟವಳು ಅವಳು. "ಕನ್ನಡಕ್ಕೆ ಬಂದಿದೆ ಅಜ್ಜಿ, ಓದು, ಹೊತ್ತು ಹೋಗುತ್ತೆ" ಅಂದಳು. ಹೊತ್ತು ಹೋಗಲಿಲ್ಲ ಮಗಳೇ, ಮಾನ ಹೋಯಿತು.

ಪುಸ್ತಕ ಮಾತ್ರ ಎಂಥದ್ದು ಅಂತೀರಿ. ಅದರಲ್ಲಿ ಯಾರೂ ಕೂಗಾಡುವುದಿಲ್ಲ. ಇನ್ಸ್‌ಪೆಕ್ಟರು ಚಪ್ಪಲಿ ಹೊರಗೆ ಬಿಟ್ಟು, ತಲೆ ಬಗ್ಗಿಸಿ ನಮಸ್ಕಾರ ಮಾಡಿ ಒಳಗೆ ಬರುತ್ತಾನೆ. ಕೊಲೆ ಮಾಡಿದವನೂ ಅಷ್ಟೇ ಮರ್ಯಾದೆಯಿಂದ ಟೀ ಕೊಡುತ್ತಾನೆ. ಎಲ್ಲರೂ ನಮ್ಮ ಗಣಿ ಕಾರ್ಮಿಕರ ಲೈನಿನ ಮನೆಗಳ ಹಾಗೆ ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳಲ್ಲಿದ್ದಾರೆ. ಯಾರು ಎಷ್ಟು ಹೊತ್ತಿಗೆ ಬಾಗಿಲು ತೆಗೆದರು, ಯಾರ ಮನೆಯಲ್ಲಿ ಅನ್ನ ಮಿಕ್ಕಿತು, ಎಲ್ಲಕ್ಕೂ ಲೆಕ್ಕ. ಆ ಇನ್ಸ್‌ಪೆಕ್ಟರು ಜೇಬಿನಲ್ಲಿ ರೈಲಿನ ವೇಳಾಪಟ್ಟಿ ಇಟ್ಟುಕೊಂಡು ತಿರುಗುತ್ತಾನೆ. ಒಬ್ಬನ ಹೇಳಿಕೆಗೂ ರೈಲಿನ ವೇಳೆಗೂ ಒಂಬತ್ತು ನಿಮಿಷ ತಾಳೆಯಾಗದಿದ್ದರೆ ಸಾಕು, ಆ ಸಂದಿಯಲ್ಲಿ ಕೈ ಹಾಕಿ ಸುಳ್ಳನ್ನು ಹೊರಗೆ ಎಳೆಯುತ್ತಾನೆ.

ಪಕ್ಕದ ಮನೆಯ ಸೆಲ್ವಿ ನಿಮಗೆ ಗೊತ್ತಲ್ಲ. ನಾಲ್ಕು ಜನರ ಮುಂದೆ ಬಾಯಿ ಬಿಡದ ನಾನು ನಿಮ್ಮ ತಾತ ಹೋದ ಮೇಲೆ ಮನಸ್ಸು ಬಿಚ್ಚಿ ಮಾತಾಡುವುದು ಅವಳ ಹತ್ತಿರ ಮಾತ್ರ. ಅವಳ ಮನೆಮಾತು ತಮಿಳು, ಕನ್ನಡ ಮಾತಾಡುತ್ತಾಳೆ, ಓದಲು ಬರುವುದಿಲ್ಲ. ಮಧ್ಯಾಹ್ನ ಅವಳು ಅವರೆಕಾಯಿ ಸುಲಿಯುವಳು, ನಾನು ಗಟ್ಟಿಯಾಗಿ ಓದುವೆನು. ಜಪಾನಿ ಹೆಸರುಗಳು ಅವಳ ನಾಲಿಗೆಗೆ ಹತ್ತಲಿಲ್ಲ. ಒಬ್ಬನಿಗೆ ಒಣಕಲ, ಒಬ್ಬನಿಗೆ ಕನ್ನಡಕ, ಸದ್ದಿಲ್ಲದೆ ಓಡಾಡುವ ಸತ್ತವನ ಹೆಂಡತಿಗೆ ಮಿಣ್ಣಗಿ ಎಂದು ನಾಮಕರಣ ಮಾಡಿದಳು.

"ಅಕ್ಕಾ, ಒಣಕ್ಲು ತಾನ್ ಕೊಂದಿದ್ದು. ನೋಡ್ತಿರು."

"ಸುಮ್ಕಿರೇ, ಇನ್ನೂ ಅರ್ಧ ಐತೆ."

"ಕೊನೇ ಪುಟ ಓದ್ಬುಡು ಅಕ್ಕಾ. ನಂಗ್ ನಿದ್ದೆ ಬರ್ತಿಲ್ಲ."

ನಾನು ಓದಲಿಲ್ಲ. ಕೊನೆಯ ಮೂರು ಅಧ್ಯಾಯ ಉಳಿದಿರುವಾಗ, ಒಂದು ಬುಧವಾರ, ಊರಿಂದ ನಮ್ಮ ಭಾವನವರು ಬಂದರು. ಗಂಡನ ಅಣ್ಣ. ಅವರ ಎದುರಿಗೆ ಕೊಲೆ ಪುಸ್ತಕ ಹಿಡಿದು ಕೂರುವುದುಂಟೇ? ಗಡಿಬಿಡಿಯಲ್ಲಿ ಪುಸ್ತಕ ಮರೆಮಾಡಿ ಕಾಫಿಗೆ ಇಟ್ಟೆ. ಎರಡು ಗಂಟೆ ಕೂತು ಜಮೀನಿನ ವಿಷಯ ಮಾತಾಡಿ ಹೋದರು. ಮರುದಿನ ಹತ್ತು ಗಂಟೆಗೆ ನೋಡುತ್ತೇನೆ, ದೇವರ ಗೂಡಿನಲ್ಲಿ ಪುಸ್ತಕಗಳ ಹಿಂದೆ ಇಟ್ಟಿದ್ದ ಕಾದಂಬರಿ ಇಲ್ಲ!

ಅಲ್ಲೇ ಇಟ್ಟಿದ್ದೆನೆಂದು ನಾನು ಆಣೆ ಮಾಡಲು ತಯಾರಿದ್ದೆ. ಮೈಯೆಲ್ಲ ಉರಿಯಿತು. ಬಳೆ ಕಳೆದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಕೂಡಲೇ ತನಿಖೆ ಕೈಗೊಂಡೆ. ಭರತ ಬಿಟ್ಟುಹೋದ ನೋಟ್‌ಪುಸ್ತಕದಲ್ಲಿ ಬರೆದದ್ದು ಹೀಗಿದೆ: "ಉದ್ದೇಶ: ಕೊನೆಯ ಪುಟ ತಿಳಿಯುವ ಆತುರ. ಆರೋಪಿ: ಸೆಲ್ವಿ. ಸಹಾಯಕಿ: ಕನ್ನಡ ಓದಬಲ್ಲ ಅವಳ ಸೊಸೆ. ಸಾಕ್ಷಿ: ಸದರಿ ಆರೋಪಿಯು ಹಸಿರು ಸೀರೆಯುಟ್ಟು, ಬೆಳಿಗ್ಗೆ ಒಂಬತ್ತು ಹತ್ತಕ್ಕೆ ನನ್ನ ಹಿತ್ತಲ ಬಾಗಿಲ ಬಳಿ ಕಂಡಿರುತ್ತಾಳೆ. ಕಂಕುಳಲ್ಲಿ ಚಪ್ಪಟೆಯಾದ ವಸ್ತು."

ಅವಳ ಸೊಸೆಯನ್ನು ಕೇಳಿದರೆ, "ಅತ್ತೆ ಒಂಬತ್ತರ ರೈಲಿಗೇ ಬಂಗಾರಪೇಟೆಗೆ ಹೋದ್ರಲ್ಲ ಆಂಟಿ" ಅಂದಳು.

ಒಂಬತ್ತಕ್ಕೆ ನಮ್ಮ ಊರಿಗಾಂ ಸ್ಟೇಷನ್ ಬಿಡುವ ರೈಲು. ಒಂಬತ್ತು ಹತ್ತಕ್ಕೆ ನನ್ನ ಹಿತ್ತಲಲ್ಲಿ ಹಸಿರು ಸೀರೆ. ಸಿಕ್ಕಿತು ಸಂದಿ! ಜಪಾನಿನವನು ಒಂಬತ್ತು ನಿಮಿಷಕ್ಕೆ ಕೊಲೆಗಾರನನ್ನು ಹಿಡಿದ. ನನಗೆ ಹತ್ತು ನಿಮಿಷ ಸಿಕ್ಕಿತ್ತು.

ಸಂಜೆ ನಲ್ಲಿಗೆ ನೀರು ಬರುವ ಹೊತ್ತು. ಲೈನಿನ ಹೆಂಗಸರೆಲ್ಲ ಕೊಡ ಸಾಲಿಟ್ಟು ನಿಂತಿದ್ದರು. ಸೆಲ್ವಿ ಸ್ಟೇಷನ್ನಿನ ಕಡೆಯಿಂದ ಬಂದಳು. ಜನ್ಮದಲ್ಲಿ ಎಂದೂ ಸ್ವರ ಎತ್ತದ ನಾನು ಎತ್ತಿದೆ.

"ಸೆಲ್ವೀ, ನಿಂತ್ಕ. ನೀನು ಬೆಳಗ್ಗೆ ಒಂಬತ್ತರ ರೈಲಿಗೆ ಓಗಿಲ್ಲ. ಸುಳ್ಳು. ಒಂಬತ್ತು ಹತ್ತಕ್ಕೆ ನಮ್ಮನೆ ಹಿತ್ತಲಲ್ಲಿದ್ದೆ. ಪುಸ್ತಕ ಕೊಡು."

ಅವಳು ನನ್ನ ಮುಖವನ್ನೇ ನೋಡಿದಳು. "ಎನ್ನಾ ಅಕ್ಕಾ? ನೀನ್ ಕೊಟ್ಟಿದ್ ಮೊರ ವಾಪಸ್ ಇಡಕ್ಕೆ ಬಂದಿದ್ದೆ."

"ಹಂಗಾದ್ರೆ ರೈಲು ಎಂಗ್ ಸಿಕ್ತು?"

"ಯಾವ ಗಡಿಯಾರದಾಗೆ ನೋಡ್ದೆ?"

"ನಮ್ಮನೇದು."

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಸೆಲ್ವಿ ನಗಲಿಲ್ಲ. "ನಿಮ್ಮನೇದು ಇಪ್ಪತ್ ನಿಮಿಷ ಮುಂದೆ ಅಕ್ಕಾ. ಅಣ್ಣ ಮೈನ್ಸ್ ಶಿಫ್ಟ್‌ಗೆ ತಡ ಆಗ್ಬಾರ್ದು ಅಂತ ತಿರುಗ್ಸಿಟ್ಟಿದ್ದು. ಗಣಿ ಮುಚ್ತು, ಅಣ್ಣಾನೂ ಹೋದ್ರು, ನೀನು ಅದನ್ನ ಮುಟ್ಲಿಲ್ಲ. ಈ ಲೈನಿಗೆಲ್ಲ ಗೊತ್ತು."

ನನಗೂ ಗೊತ್ತು ಮಕ್ಕಳೇ. ಇಷ್ಟು ವರ್ಷ ದಿನವೂ ಇಪ್ಪತ್ತು ನಿಮಿಷ ಕಳೆದೇ ನೋಡಿದವಳು ನಾನು. ಇನ್ಸ್‌ಪೆಕ್ಟರ್ ಆದ ಆ ಒಂದು ದಿನ ಮಾತ್ರ ಕಳೆಯಲಿಲ್ಲ.

ಕಂಕುಳಲ್ಲಿದ್ದ ಚಪ್ಪಟೆ ವಸ್ತುವನ್ನು ಅವಳು ಎಲ್ಲರ ಮುಂದೆ ಬಿಚ್ಚಿ ತೋರಿಸಿದಳು. ಕಣ್ಣಿನ ಡಾಕ್ಟರ ಫೈಲು. "ಒಂದು ಕಣ್ಣು ಮಂಜಾಗ್ತಾ ಐತೆ. ನಿಂಗ್ ಹೇಳಿದ್ರೆ ಭಯ ಬೀಳ್ತೀಯ ಅಂತ ಹೇಳ್ಲಿಲ್ಲ" ಎಂದು ನೀರಿಗೂ ನಿಲ್ಲದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ನನಗೆ ಬಂದ ಕೋಪ ಯಾರ ಮೇಲೆ ಎಂದು ನನಗೇ ತಿಳಿಯಲಿಲ್ಲ. ಜಪಾನಿನವನ ಮೇಲೆ, ಗಡಿಯಾರದ ಮೇಲೆ, ಹೇಳದೆ ಹೋದ ಸೆಲ್ವಿಯ ಮೇಲೆ. ಉಳಿದದ್ದೆಲ್ಲ ನನ್ನ ಮೇಲೆ.

ಮರುದಿನ ಆಂಡರ್ಸನ್‌ಪೇಟೆಯ ಹಿಟ್ಟಿನ ಮಿಲ್ಲಿನವನು ಖುದ್ದಾಗಿ ಬಂದ. ಗುರುವಾರ ಬೆಳಿಗ್ಗೆ ರಾಗಿ ಚೀಲವನ್ನು ಆಟೋದಲ್ಲಿ ಕಳಿಸಿದ್ದೆ. ಅವನ ಒಂದು ಕೈಯಲ್ಲಿ ಹಿಟ್ಟು, ಇನ್ನೊಂದು ಕೈಯಲ್ಲಿ ನನ್ನ ಪುಸ್ತಕ.

"ರಾಗಿ ಒಳಗಿತ್ತು ಅಮ್ಮಾ. ಇನ್ನೊಂದ್ ಚೂರಲ್ಲಿ ಬೀಸಿಬಿಡ್ತಿದ್ದೆ."

ಆಗ ನೆನಪಾಯಿತು. ಭಾವನವರ ಕೆಮ್ಮು ಬಾಗಿಲಲ್ಲಿ ಕೇಳಿದಾಗ ನನ್ನ ಪಕ್ಕದಲ್ಲಿದ್ದದ್ದು ದೇವರ ಗೂಡಲ್ಲ, ಕೇರಿಟ್ಟಿದ್ದ ರಾಗಿಯ ಚೀಲ. ಪುಸ್ತಕ ತುರುಕಿದ್ದು ಅದರೊಳಗೆ.

ಅವನು ಅಷ್ಟಕ್ಕೇ ಹೋಗಿದ್ದರೆ ದೊಡ್ಡ ಮನುಷ್ಯ ಅನ್ನುತ್ತಿದ್ದೆ. ಮೆಟ್ಟಿಲಿಳಿಯುತ್ತಾ ತಿರುಗಿದ. "ರಾತ್ರಿಯೆಲ್ಲ ಕೂತು ಓದ್ದೆ. ಸೂಪರಾಗೈತೆ. ಕೊಂದಿದ್ದು ಆ ಸ್ಕೂಲ್ ಮೇಷ್ಟ್ರು ಅಂತ ನಾನು ಅಂದ್ಕೊಂಡೇ ಇರ್ಲಿಲ್ಲ!"

ಅವನನ್ನು ಏನು ಮಾಡಬೇಕೆಂದು ಅನಿಸಿತೆಂಬುದನ್ನು ಮಕ್ಕಳಿಗೆ ಬರೆಯಬಾರದು.

ಮೂರು ದಿನ ಸೆಲ್ವಿ ಬಾಗಿಲು ತೆಗೆಯಲಿಲ್ಲ. ನಾಲ್ಕನೆಯ ಮಧ್ಯಾಹ್ನ ಅವಳ ಜಗಲಿಯ ಮೇಲೆ ಹೋಗಿ ಕೂತೆ. ಕ್ಷಮೆ ಕೇಳಲು ಬಾಯಿ ಬರಲಿಲ್ಲ, ಪುಸ್ತಕ ಬಿಚ್ಚಿದೆ. ಉಳಿದಿದ್ದ ಮೂರು ಅಧ್ಯಾಯವನ್ನು ಗಟ್ಟಿಯಾಗಿ ಓದತೊಡಗಿದೆ. ಎದುರು ಮನೆಯವರು ಬಂದು ನಿಂತರು, ತರಕಾರಿ ಗಾಡಿಯವನು ಗಾಡಿ ನಿಲ್ಲಿಸಿದ. ನಾಚಿಕೆಯಿಂದ ನನ್ನ ಕಿವಿ ಕಾದವು. ಆ ಮೂರರಲ್ಲಿ ಎರಡನೆಯದರ ಮಧ್ಯೆ ಒಳಗಿಂದ ಸ್ವರ ಬಂತು.

"ಒಣಕ್ಲು ತಾನೇ?"

"ಕೇಳು, ಇನ್ನೂ ಐತೆ."

ಬಾಗಿಲು ತೆರೆಯಿತು. ಅವಳು ಹೊಸ್ತಿಲ ಮೇಲೆ ಕೂತಳು. ನಾನು ಹಲ್ಲು ಕಚ್ಚಿ, ಏನೂ ಗೊತ್ತಿಲ್ಲದವಳಂತೆ, ಬೇಕಾದಲ್ಲಿ "ಅಯ್ಯೋ" ಎಂದೂ ಸೇರಿಸಿ ಕೊನೆಯ ಪುಟದವರೆಗೆ ಓದಿದೆ. ಮೇಷ್ಟ್ರು ಸಿಕ್ಕಿಬಿದ್ದಾಗ ತರಕಾರಿಯವನೂ ಉಸಿರು ಬಿಟ್ಟ. ನನ್ನ ನಟನೆಯನ್ನು ನಾನೇ ಮೆಚ್ಚಿಕೊಂಡೆ.

ಸೆಲ್ವಿ ನನ್ನ ಕೈಯಿಂದ ಪುಸ್ತಕ ತೆಗೆದು ಮುಚ್ಚಿಟ್ಟಳು. ಆಮೇಲೆ ಕೇಳಿದಳು: "ನಿಂಗ್ ಮೊದ್ಲೇ ಗೊತ್ತಿತ್ತು ಅಲ್ವಾ ಅಕ್ಕಾ?"

"ಎಂಗೇಳ್ತೀಯ?"

"ಮೇಷ್ಟ್ರು ಮಾತು ಬಂದಾಗೆಲ್ಲ ನಿನ್ ಸ್ವರ ಬೇರೆ ಆಗ್ತಿತ್ತು."

ಒಂದು ಅಕ್ಷರ ಓದಲು ಬಾರದವಳು, ಒಂದು ಕಣ್ಣು ಮಂಜಾದವಳು, ಗಡಿಯಾರ ನೋಡದೆ, ರೈಲಿನ ವೇಳೆ ನೋಡದೆ ನನ್ನನ್ನು ಕೂತಲ್ಲೇ ಹಿಡಿದುಬಿಟ್ಟಳು. ಮುಂದಿನ ತಿಂಗಳು ಅವಳ ಕಣ್ಣಿನ ಆಪರೇಷನ್ನಿಗೆ ಜೊತೆಗೆ ಹೋಗುವವಳು ನಾನೇ. ಆಗಲೂ ಆಸ್ಪತ್ರೆಯಲ್ಲಿ ಮಾತಾಡುವುದು ಅವಳೇ, ನಾನು ಚೀಲ ಹಿಡಿದುಕೊಳ್ಳುವವಳು.

ಈ ಹಾಳೆಗಳನ್ನು ಜೋಪಾನವಾಗಿ ಇಟ್ಟಿರಿ ಮಕ್ಕಳೇ. ನಾನು ಇನ್ನೊಂದು ಸಲ ಯಾರನ್ನಾದರೂ ಕಳ್ಳರೆಂದು ಹೇಳಿದರೆ, ಏನೂ ಮಾತಾಡದೆ ಇವನ್ನು ತಂದು ನನ್ನ ಮುಂದೆ ಇಡಿ.