ಬಾಳೆಹಣ್ಣಿನ ಬ್ರೆಡ್ಡಿನೊಡನೆ ಚೌಕಾಸಿ

ಒಂದು ಬಾಳೆಹಣ್ಣಿನ ಬ್ರೆಡ್ಡಿಗೆ ನನಗೆ ಬಿದ್ದ ಖರ್ಚು ಸಾವಿರದ ಹತ್ತು ರೂಪಾಯಿ. ಬಿಡಿಸಿ ಹೇಳುತ್ತೇನೆ: ಬಾಳೆಹಣ್ಣು ನೂರಾ ಎಂಬತ್ತು, ಬ್ರೆಡ್ಡಿನ ಅಚ್ಚು ಮುನ್ನೂರ ನಲವತ್ತೊಂಬತ್ತು, ಮೈದಾ, ಸಕ್ಕರೆ, ಎಣ್ಣೆ, ಸೋಡಾ ಎಲ್ಲ ಸೇರಿ ಎಂಬತ್ತೊಂದು, ಸಾಣಾಪುರಕ್ಕೆ ಹೋಗಿ ಬರುವ ಆಟೋ ನಾನೂರು. ಇದೇ ಬ್ರೆಡ್ಡು ನನ್ನ ಸೊಸೆಗೆ ತೊಂಬತ್ತು ರೂಪಾಯಿಯಲ್ಲಿ ಆಗುತ್ತದೆ. ಇಷ್ಟು ವ್ಯತ್ಯಾಸ ಯಾಕೆ ಅಂತೀರಾ? ಅವಳಿಗೆ ಚೌಕಾಸಿ ಬರುವುದಿಲ್ಲ. ನನಗೆ ಬರುತ್ತದೆ!

ನಾನು ಹುಲಿಗೆಮ್ಮ. ಗಂಗಾವತಿಯಲ್ಲಿ ಸ್ಟೀಲ್ ಭಾಂಡೆ ಸಾಮಾನಿನ ಅಂಗಡಿ ನನ್ನದು. ತಲೆಯ ಮೇಲೆ ಬುಟ್ಟಿ ಹೊತ್ತು, ಹಳೆ ಸೀರೆಗೆ ಹೊಸ ತಟ್ಟೆ ಕೊಡುತ್ತ, ಯಲಬುರ್ಗಾ ಕಡೆಯ ಮಂಗಳೂರು ಎಂಬ ಹಳ್ಳಿಯ ಓಣಿಗಳಲ್ಲಿ ವ್ಯಾಪಾರ ಶುರು ಮಾಡಿದವಳು. ಎರಡು ಸೀರೆಗೆ ಕೊಡಬೇಕಾದ ತಟ್ಟೆಯನ್ನು ಮೂರು ಸೀರೆಗೆ ಕೊಟ್ಟು, ಸೀರೆ ಕೊಟ್ಟವಳೇ ಮಜ್ಜಿಗೆ ಕುಡಿಸಿ ಕಳಿಸುವ ಹಾಗೆ ಮಾಡುವುದು ಸಾಮಾನ್ಯ ಕೆಲಸವಲ್ಲ. ಮೂವತ್ತು ವರ್ಷಗಳ ವ್ಯಾಪಾರದಲ್ಲಿ ನಾನು ಕಲಿತದ್ದು ಒಂದೇ: ಹೇಳಿದ ರೇಟು ಯಾವತ್ತೂ ನಿಜವಾದ ರೇಟಲ್ಲ. ಅರ್ಧಕ್ಕೆ ಕೇಳಬೇಕು, ಮುಕ್ಕಾಲಿಗೆ ಮುಗಿಸಬೇಕು, ಅಳತೆ ಮುಗಿದ ಮೇಲೆ ಇನ್ನೊಂದಿಷ್ಟು ಕೊಸರು ಹಾಕಿಸಿಕೊಳ್ಳಬೇಕು. ಈ ಸಿದ್ಧಾಂತದ ಮೇಲೆ ನಾನು ಮನೆ ಕಟ್ಟಿಸಿದ್ದೇನೆ. ಬ್ರೆಡ್ಡು ಯಾವ ಲೆಕ್ಕ!

ಸೊಸೆಯ ಹೆಸರು ಸುಜಾತಾ, ಕುಷ್ಟಗಿ ಹುಡುಗಿ. ಫೋನ್ ನೋಡಿ ನೋಡಿ ಬ್ರೆಡ್ಡು, ಕೇಕು ಕಲಿತಳು. ತಾನೇ ಕೂಡಿಟ್ಟ ದುಡ್ಡಿನಲ್ಲಿ ಒಂದು ಕರೆಂಟಿನ ಅವನ್ ತಂದಳು. ನಾನು ಆವತ್ತೇ ಹೇಳಿದ್ದೆ: “ಮುಂದಿನ ಹಬ್ಬದೊಳಗ ಇದರಿಂದ ಒಂದರ ಆರ್ಡರ್ ಹಿಡದು ತೋರಸು. ಇಲ್ಲಾಂದ್ರ ಇದನ್ನ ಮಾರಿ ಅಂಗಡ್ಯಾಗ ಗಲ್ಲಾದ ಮ್ಯಾಲೆ ಕುಂದ್ರು.” ಅಂಗಡಿಯಲ್ಲಿ ಕೂರುವುದೆಂದರೆ ಅವಳಿಗೆ ಜ್ವರ ಬಂದಂತೆ. ಹಾಗಾಗಿಯೇ ಸಾಣಾಪುರದ ಕೆರೆಯ ಹತ್ತಿರ ಗೆಸ್ಟ್ ಹೌಸ್ ನಡೆಸುವ ಲತಾ ಮೇಡಂ “ರವಿವಾರ ಒಂದು ಬ್ರೆಡ್ ಸ್ಯಾಂಪಲ್ ತಂದು ತೋರಸು, ಹಿಡಿಸಿದ್ರ ವಾರಕ್ಕ ಆರು ತಗೋತೀನಿ” ಅಂದಾಗ ಹುಡುಗಿ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ.

ಮೇಡಂ ಒಂದು ಶರತ್ತು ಹಾಕಿದ್ದರು. ಅದನ್ನು ಸುಜಾತಾ ನನಗೂ ಹೇಳಿದಳು.

“ಅತ್ತಿ, ಅಲ್ಲಿ ಬರೋ ಮಂದಿ ದನದ್ದು, ಕೋಳಿದ್ದು ಏನೂ ತಿನ್ನಂಗಿಲ್ರಿ. ಹಾಲು, ಮೊಸರು, ಬೆಣ್ಣಿ, ತುಪ್ಪ, ತತ್ತಿ, ಜೇನು ಒಂದೂ ಇರಬಾರದು.”

“ಹಂಗಾರ ಇರೂದರ ಏನು? ನಮ್ಮಲ್ಲೆ ಉಪಾಸ ಇದ್ದವರಿಗೂ ಒಂದು ಲೋಟ ಹಾಲು ಕೊಡ್ತೀವಲ್ಲ!”

“ಅವರಾಗ ಒಬ್ಬಾಕಿಗೆ ಹಾಲಿಂದು ಚೂರು ಹೊಟ್ಟಿಗೆ ಹೋದ್ರೂ ಉಸಿರು ಕಟ್ಟತೈತಂತ. ಹುಡುಗಾಟ ಅಲ್ರಿ.”

“ಹಾಲಿಗೆ ಉಸಿರು ಕಟ್ಟಾಕಿ ಅಷ್ಟೆತ್ತರದ ಗುಡ್ಡ ಹೆಂಗ ಏರತಾಳ?”

ಸಾಣಾಪುರಕ್ಕೆ ದೂರದೂರದಿಂದ ಬಂದು, ದುಡ್ಡು ಕೊಟ್ಟು, ನಮ್ಮ ಬಂಡೆಗಲ್ಲುಗಳನ್ನು ಕೈಕಾಲು ತರಚಿಸಿಕೊಂಡು ಹತ್ತುವ ಜನ ಅವರು. ನಾವು ಚಿಕ್ಕವರಿದ್ದಾಗ ಆಡು ಹುಡುಕಲು ಅದೇ ಥರದ ಬಂಡೆ ಹತ್ತಿದರೆ ಬೆನ್ನಿಗೆ ಏಟು ಬೀಳುತ್ತಿತ್ತು. ಇರಲಿ.

ಶನಿವಾರ ಸುಜಾತಾ ಅಣ್ಣನ ಮಗುವಿನ ತೊಟ್ಟಿಲಿಗೆಂದು ಕುಷ್ಟಗಿಗೆ ಹೋದಳು. ಸಂಜೆ ಬಂದು ಬ್ರೆಡ್ಡು ಮಾಡುವವಳು. ಮಾಡುವ ವಿಧಾನ ಬರೆದ ಚೀಟಿ ಫ್ರಿಜ್ಜಿನ ಮೇಲೆ ಅಂಟಿತ್ತು. ಪಾಪ, ದಣಿದು ಬರುತ್ತಾಳೆ, ನಾನೇ ಮಾಡಿಟ್ಟರೆ ಎಷ್ಟು ಖುಷಿ ಪಡುತ್ತಾಳೆ ಅನ್ನಿಸಿತು. ನನ್ನ ಜೀವನದ ದೊಡ್ಡ ನಷ್ಟಗಳೆಲ್ಲ ಇನ್ನೊಬ್ಬರ ಖುಷಿಯ ವಿಚಾರ ಮಾಡಿದಾಗಲೇ ಆಗಿವೆ.

ಚೀಟಿಯ ಮೊದಲ ಸಾಲು: ‘ನಾಲ್ಕು ಪೂರ್ತಿ ಕಳಿತ ಬಾಳೆಹಣ್ಣು. ಸಿಪ್ಪೆ ಕಪ್ಪಾಗಿರಬೇಕು.’ ಓದಿ ಆನಂದವಾಯಿತು. ಕೆಟ್ಟ ಮಾಲನ್ನೇ ಕೇಳುವ ಅಡುಗೆ! ನೇರ ಬಾಷಾನ ಹಣ್ಣಿನ ಗಾಡಿಗೆ ಹೋದೆ.

“ಅಕ್ಕಾ, ಈ ನಾಕು ಕರಿ ಹಣ್ಣು ಹಂಗ ಒಯ್ರಿ. ಸಂಜಿಗೆ ದನಕ್ಕ ಹಾಕಾವ ಇದ್ದೆ.”

“ಬಿಟ್ಟಿ ಯಾಕ ಕೊಡ್ತೀಯೋ? ಇದರಾಗ ಏನೋ ಐತಿ.”

“ಏನೈತ್ರಿ, ಬಾಳಿಹಣ್ಣೈತಿ.”

“ಆ ಇಡೀ ಗೊನಿಗೆ ಎಷ್ಟು ಹೇಳು.”

ಬಾಷಾ ಒಮ್ಮೆ ನನ್ನ ಮುಖ ನೋಡಿದ, ಒಮ್ಮೆ ಕಪ್ಪಾದ ಗೊನೆ ನೋಡಿದ. “ಮುನ್ನೂರ ಅರವತ್ತು ಕೊಡ್ರಿ.”

“ನೂರಾ ಎಂಬತ್ತು. ಇಲ್ಲಾಂದ್ರ ಹೊಂಟೆ.”

“ನಿಮ್ಮ ಮುಂದ ನಂದೇನು ನಡಿತೈತಕ್ಕಾ!” ಎಂದು ನಿಟ್ಟುಸಿರು ಬಿಟ್ಟು, ಗೊನೆಯನ್ನು ತಾನೇ ಎತ್ತಿ ನನ್ನ ಹೆಗಲಿಗೇರಿಸಿದ. ಸರಿಯಾಗಿ ಅರ್ಧಕ್ಕೆ ಮುಗಿಸಿದ್ದೆ! ಬಿಟ್ಟಿ ಸಿಗುವ ಮಾಲನ್ನು ಅರ್ಧ ಬೆಲೆಗೆ ತಂದ ಹೆಂಗಸು ಗಂಗಾವತಿಯಲ್ಲಿ ನಾನೊಬ್ಬಳೇ ಇರಬೇಕು.

ಊಟಕ್ಕೆ ಬಂದ ನಮ್ಮನೆಯವರು, ಅಕ್ಕಿ ಗಿರಣಿಯಲ್ಲಿ ಗುಮಾಸ್ತರು, ಬಾಗಿಲಲ್ಲೇ ನಿಂತರು.

“ಮದವಿ ಐತೇನು ನಮ್ಮನ್ಯಾಗ? ಇಷ್ಟು ಬಾಳಿಹಣ್ಣು ಯಾಕ?”

“ಸುಜಾತಾನ ಬ್ರೆಡ್ ನಾನ ಮಾಡಾಕತ್ತೀನ್ರಿ.”

“ಆಕಿ ಬರೂತನಾ ತಡಿಬಾರದೇನು? ಹೋಗ್ಲಿ, ಚೀಟಿಯಾಗ ಬರದಂಗರ ಮಾಡು.”

“ಬರದಂಗ? ಬರದ ರೇಟಿಗೆ ನಾ ಯಾವಾಗ ಏನು ತಗೊಂಡೀನ್ರಿ?”

ಅವರು ಊಟಕ್ಕೆ ಕೂತರು. ನಾನು ಚೀಟಿಯೊಂದಿಗೆ ವ್ಯವಹಾರಕ್ಕೆ ಕೂತೆ.

ಚೀಟಿ ಎರಡು ಕಪ್ ಮೈದಾ ಕೇಳಿತು. ಒಂದು ಕಪ್ಪಿಗೆ ಮುಗಿಸಿದೆ. ಇನ್ನೊಂದು ಕಪ್ಪಿಗೆ ಮನೆಯಲ್ಲೇ ಇದ್ದ ಅಕ್ಕಿ ಹಿಟ್ಟು. ಇಷ್ಟೊಂದು ಅಕ್ಕಿ ಗಿರಣಿ ಇರುವ ಊರಿನಲ್ಲಿ ಕೂತು ಮೈದಾಕ್ಕೆ ದುಡ್ಡು ಸುರಿಯುವುದು ಊರಿಗೇ ಅವಮಾನ. ಮುಕ್ಕಾಲು ಕಪ್ ಸಕ್ಕರೆ ಕೇಳಿತು, ಅರ್ಧಕ್ಕೆ ಒಪ್ಪಿಸಿದೆ. ಅರ್ಧ ಕಪ್ ಎಣ್ಣೆ ಕೇಳಿತು, ಕಾಲು ಕಪ್ ಕೊಟ್ಟು ಕೈ ಮುಗಿದೆ. ಚೀಟಿ ಒಂದಕ್ಕೂ ಎದುರಾಡಲಿಲ್ಲ. ಇಷ್ಟು ಮೆತ್ತಗಿನ ವ್ಯಾಪಾರಿಯನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

ಆಮೇಲೆ ಬಂತು ‘ಅಡುಗೆ ಸೋಡಾ, ಒಂದು ಸಣ್ಣ ಚಮಚ.’ ಬ್ರೆಡ್ಡನ್ನು ಉಬ್ಬಿಸುವುದು ಇದೇ ಅಂತೆ. ಎಲ್ಲಕ್ಕಿಂತ ಅಗ್ಗದ ಮಾಲು, ಎಲ್ಲಕ್ಕಿಂತ ಹೆಚ್ಚು ಕೆಲಸ! ಇಂಥದ್ದನ್ನು ಅಳತೆಗೆ ತಕ್ಕಂತೆ ಹಾಕುವುದು ಮೂರ್ಖತನ. ಒಂದು ಚಮಚ ಹಾಕಿ, ಮೇಲೆ ಕೊಸರು ಹಾಕಿದೆ. ಆ ಕೊಸರು ಯಾಕೋ ಸಣ್ಣದೆನಿಸಿ ಇನ್ನೊಂದು ಕೊಸರು ಹಾಕಿದೆ. ಅದರ ಮೇಲೆ ನಿಂಬೆಹಣ್ಣು ಹಿಂಡಿದಾಗ ಹಿಟ್ಟು ಹಾವಿನ ಹಾಗೆ ಬುಸುಗುಟ್ಟಿತು. ಸಂತೋಷಕ್ಕೆ ಹಾಗೆ ಮಾಡುತ್ತಿದೆ ಅಂದುಕೊಂಡೆ.

ಸುಜಾತಾಳ ಅಚ್ಚಿಗೆ ಮಸಿ ಹಿಡಿದಿತ್ತು. ಸ್ಯಾಂಪಲ್ ಅಂದರೆ ಕಣ್ಣಿಗೆ ಚಂದ ಇರಬೇಕೆಂದು ಅಂಗಡಿಯಿಂದ ಹೊಸ ಅಚ್ಚು ತಂದೆ. ಒಂದು ವರ್ಷದಿಂದ ಮಾರಾಟವಾಗದೆ ಕೂತವು ಅವು. ಒಳಗೆ ತಳಕ್ಕೆ ಬೆಲೆಯ ಸ್ಟಿಕ್ಕರ್ ಇತ್ತು. ಕಿತ್ತರೆ ಮಾಲು ಹಳೆಯದಾಗುತ್ತದೆ. ಕೀಳದಿದ್ದರೆ ಬ್ರೆಡ್ಡು ತೆಗೆದು, ತೊಳೆದು, ಮತ್ತೆ ಅಂಗಡಿಯಲ್ಲಿ ಇಡಬಹುದು. ಕೀಳಲಿಲ್ಲ. ‘ಅಚ್ಚಿಗೆ ಎಣ್ಣೆ ಸವರಬೇಕು’ ಎಂದಿತ್ತು. ತುಪ್ಪದ ವಾಸನೆ ಇಲ್ಲದ ಸಿಹಿ ಒಂದು ಸಿಹಿಯೇ? ಬೆರಳ ತುದಿಯಷ್ಟು ತುಪ್ಪ ಸವರಿದೆ. ಚೀಟಿಯ ಕೆಳಗೆ ಕೆಂಪು ಪೆನ್ನಿನಲ್ಲಿ ತುಪ್ಪ ಬೇಡವೆಂದು ಬರೆದದ್ದನ್ನು ಓದಿದ್ದೆ. ಆದರೆ ನಾನು ಬ್ರೆಡ್ಡಿಗೆ ಎಲ್ಲಿ ಹಾಕಿದೆ? ಅಚ್ಚಿಗೆ ಹಾಕಿದೆ!

ಕೊನೆಗೆ ಅವನ್. ನೂರಾ ಎಂಬತ್ತು ಡಿಗ್ರಿ, ಐವತ್ತು ನಿಮಿಷ. ಕರೆಂಟ್ ಬಿಲ್ ಯಾರ ಹೆಸರಿನಲ್ಲಿ ಬರುತ್ತದೆ ಅಂತ ಚೀಟಿಗೇನು ಗೊತ್ತು! ಇನ್ನೂರೈವತ್ತು ಡಿಗ್ರಿ, ಇಪ್ಪತ್ತೈದು ನಿಮಿಷಕ್ಕೆ ಮಾತು ಮುಗಿಸಿದೆ.

ಹತ್ತೇ ನಿಮಿಷದಲ್ಲಿ ಬ್ರೆಡ್ಡು ಎದ್ದಿತು ನೋಡಿ! ಅಚ್ಚು ದಾಟಿತು, ಮೇಲಿನ ಕಾದ ಸರಳಿಗೆ ತಲೆ ತಾಗಿಸಿತು. “ನೋಡ್ ಬರ್ರಿ, ನೋಡ್ ಬರ್ರಿ!” ಎಂದು ನಮ್ಮನೆಯವರನ್ನು ಕರೆದು ಬಾಗಿಲು ತೆರೆದೆ. ಅವರು ಕನ್ನಡಕ ಹಾಕಿಕೊಳ್ಳುವುದರೊಳಗೆ ಅದು ಉಸ್ ಎಂದು ಕೂತಿತು. ಮತ್ತೆ ಏಳಬಹುದೆಂದು ಮೂರು ಮೂರು ನಿಮಿಷಕ್ಕೊಮ್ಮೆ ಬಾಗಿಲು ತೆಗೆದು ವಿಚಾರಿಸಿದೆ. ಏಳಲಿಲ್ಲ.

ಹೊರಗೆ ಬಂದಾಗ ಸುತ್ತ ಕಪ್ಪು ದಂಡೆ, ನಡುವೆ ತಗ್ಗು, ತಗ್ಗಿನಲ್ಲಿ ಹಸಿ ಹಿಟ್ಟು. ಥೇಟ್ ಸಾಣಾಪುರದ ಕೆರೆ. ನಮ್ಮನೆಯವರು ಒಂದು ಅಂಚು ಮುರಿದು ಬಾಯಿಗಿಟ್ಟುಕೊಂಡರು.

“ಹೆಂಗೈತ್ರಿ?”

“ಅರಿವಿ ಒಗಿಯೂ ಸೋಪಿಗೆ ಬಾಳಿಹಣ್ಣು ಹಚ್ಚಿದಂಗೈತಿ,” ಎಂದು ಬಾಯಿ ಮುಕ್ಕಳಿಸಲು ಹೋದರು.

ಸಂಜೆ ಸುಜಾತಾ ಬಂದಳು. ಬ್ರೆಡ್ಡಿನ ತಗ್ಗಿಗೆ ಬೆರಳಿಟ್ಟು ನೋಡಿದಳು.

“ಅತ್ತಿ, ಇದನ್ನ ಒಯ್ಯೂದು ಬ್ಯಾಡ್ರಿ.”

“ಮಾಲು ಹೆಂಗಿದ್ರೇನವ್ವಾ, ಮಾರೂ ಬಾಯಿ ಛಲೋ ಇರಬೇಕು. ನಾಳೆ ನಾನೂ ಬರ್ತೀನಿ, ನೋಡ್ತಿರು.”

ಅವಳು ಮೂಲೆಯಲ್ಲಿದ್ದ ಗೊನೆಯ ಕಡೆ ತಿರುಗಿದಳು. “ಈ ಹಣ್ಣಿನಾಗ ನಾಕು ತಗೋಲೇನ್ರಿ?” ಎಂದು ಕೇಳಿದಳು. ತಗೋ ತಾಯಿ, ಇನ್ನೂ ಗೊನೆ ತುಂಬ ಇವೆ ಎಂದೆ. ಬೆಳಿಗ್ಗೆ ಏಳುವಾಗ ಮನೆ ತುಂಬ ಘಮಘಮ. ನನ್ನ ಬ್ರೆಡ್ಡೇ ಆರಿದ ಮೇಲೆ ರುಚಿ ಹಿಡಿದಿರಬೇಕೆಂದು ತಿಳಿದು ಹೆಮ್ಮೆಪಟ್ಟೆ.

ಸಾಣಾಪುರದಲ್ಲಿ ಲತಾ ಮೇಡಂ ಅಂಗಳದ ಟೇಬಲ್ಲಿಗೆ ಕರೆದರು. ಬಂಡೆ ಹತ್ತುವ ಹುಡುಗಿಯೊಬ್ಬಳು ಬೆರಳುಗಳಿಗೆಲ್ಲ ಪಟ್ಟಿ ಸುತ್ತಿಕೊಂಡು ಪಕ್ಕದಲ್ಲಿ ಕೂತಿದ್ದಳು. ಸುಜಾತಾ ತನ್ನ ಚೀಲದ ಬಾಯಿ ಬಿಚ್ಚುವ ಮೊದಲೇ ನಾನು ನನ್ನ ಬ್ರೆಡ್ಡನ್ನು ಟೇಬಲ್ಲಿನ ಮೇಲೆ ಇಟ್ಟೆ. ಟಕ್ ಎಂದು ಸದ್ದಾಯಿತು. ಮೇಡಂ ಅದನ್ನು ತಿರುಗಿಸಿ ತಳ ನೋಡಿದರು. ನೋಡುತ್ತಲೇ ಇದ್ದರು.

“ಅಮ್ಮಾರ, ಇದರ ಮ್ಯಾಲೆ ಮುನ್ನೂರ ನಲವತ್ತೊಂಬತ್ತು ಅಂತ ಐತಲ್ರಿ?”

ಸ್ಟಿಕ್ಕರ್! ಅಚ್ಚು ಬಿಟ್ಟು ಬ್ರೆಡ್ಡಿನ ತಳಕ್ಕೆ ಅಂಟಿ, ಹದವಾಗಿ ಬೆಂದು, ಅಕ್ಷರ ಒಂದೂ ಅಳಿಸದೆ ಬಂದಿತ್ತು. ಮೂವತ್ತು ವರ್ಷದ ಅನುಭವ ಇಂಥ ಹೊತ್ತಿನಲ್ಲಿ ಕೈ ಬಿಡುವುದಿಲ್ಲ.

“ಅದು ಕಂಪನಿ ರೇಟ್ರಿ ಮೇಡಂ. ನಿಮಗ ಇನ್ನೂರಕ್ಕ ಕೊಡ್ತೀನಿ!”

ಮೇಡಂ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಒಳ್ಳೆಯ ಹೆಂಗಸು. ಕಪ್ಪಾದದ್ದನ್ನು ಕೆತ್ತಿ, ಬೆಂದಲ್ಲಿ ಒಂದು ತುಂಡು ಕೊಯ್ದು ಆ ಹುಡುಗಿಯ ಕೈಗೆ ಕೊಟ್ಟು, “ಇದರಾಗ ಹಾಲು, ತುಪ್ಪ ಏನೂ ಇಲ್ಲಲ್ರಿ? ಇಕಿಗೆ ಆಗಂಗಿಲ್ಲ,” ಎಂದರು.

ಗಿರಾಕಿ ಪ್ರಶ್ನೆ ಕೇಳಿದ ಕೂಡಲೇ ‘ಛೇ ಛೇ, ಎಲ್ಲೀದ್ರಿ!’ ಅನ್ನುವುದು ನನ್ನ ನಾಲಿಗೆಗೆ ರೂಢಿ. ಅರ್ಧ ‘ಛೇ’ ಹೊರಗೂ ಬಂತು. ಅಷ್ಟರಲ್ಲಿ ಆ ಹುಡುಗಿ ತುಂಡನ್ನು ಬಾಯಿಯ ಹತ್ತಿರ ಒಯ್ದಳು. ಉಸಿರು ಕಟ್ಟುತ್ತದೆ ಅಂದದ್ದು ಇವಳಿಗೇ! ನನ್ನ ಉಸಿರೇ ಕಟ್ಟಿತು.

“ಬ್ಯಾಡ್ರೀ!” ಎಂದು ಕಿರುಚಿ ತುಂಡನ್ನು ಕೈಯಿಂದ ಕಿತ್ತುಕೊಂಡೆ. “ಅಚ್ಚಿಗೆ ತುಪ್ಪ ಸವರೀನಿ. ನಂದ ತಪ್ಪು. ಮುಟ್ಟಬ್ಯಾಡ್ರಿ, ಕೈ ತೊಳಕೋರಿ.”

ಗಿರಾಕಿಯ ಕೈಯಿಂದ ಮಾಲು ಕಿತ್ತುಕೊಂಡದ್ದು, ಮಾಲಿನ ದೋಷ ನನ್ನ ಬಾಯಿಂದಲೇ ಹೇಳಿದ್ದು, ಎರಡೂ ಜೀವನದಲ್ಲಿ ಅದೇ ಮೊದಲು. ಸೊಸೆಯ ಅವನ್ ಮಾರಾಟವಾಗುವುದು ನನ್ನ ಕಣ್ಣಿಗೆ ಕಾಣಿಸಿತು. ಮಾರಿದವಳೂ ನಾನೇ.

ಆಗ ಸುಜಾತಾ ಚೀಲದಿಂದ ಒಂದು ಬ್ರೆಡ್ಡು ತೆಗೆದಳು. ಬೆಳಗಿನ ಜಾವ ಎದ್ದು, ತನ್ನ ಮಸಿ ಅಚ್ಚಿನಲ್ಲಿ, ಚೀಟಿ ಕೇಳಿದ್ದನ್ನೆಲ್ಲ ಕೇಳಿದಷ್ಟೇ ಕೊಟ್ಟು ಮಾಡಿದ ಬ್ರೆಡ್ಡು. “ಇದು ನಾ ಮಾಡಿದ್ರಿ. ತುಪ್ಪದ ಕೈ ಮುಟ್ಟಿಲ್ಲ.” ಮೇಡಂ ಬೇರೆ ಚಾಕು ತಂದು ಕೊಯ್ದು ತಿಂದರು. ಆ ಹುಡುಗಿ ಕೈ ತೊಳೆದು ಬಂದು ತಿಂದಳು, ಇನ್ನೊಂದು ತುಂಡಿಗೆ ಕೈ ಚಾಚಿದಳು.

“ಒಂದಕ್ಕ ಎಷ್ಟು ಹಿಡೀಲಿ?” ಮೇಡಂ ಕೇಳಿದರು.

“ಇನ್ನೂರೈವತ್ತು,” ಎಂದಳು ಸುಜಾತಾ.

ದೇವರಾಣೆ, ನಾನು ಬೇಕೆಂದು ಮಾಡಲಿಲ್ಲ. ರೇಟು ಕಿವಿಗೆ ಬಿದ್ದರೆ ಬಾಯಿ ತಾನಾಗಿ ತೆರೆಯುತ್ತದೆ. “ಏ, ಭಾಳಾತು! ನೂರೈವತ್ತು ಮಾಡ್ಕೊ!” ಎಂದುಬಿಟ್ಟೆ. ನಮ್ಮ ಮನೆಯ ಮಾಲಿಗೆ ನಾನೇ ಚೌಕಾಸಿ!

ಮೇಡಂ ಮುಗುಳ್ನಕ್ಕರು. “ನಿಮ್ಮತ್ತಿ ಹೇಳಿದ ರೇಟ ಇರಲೇಳು ಸುಜಾತಾ.”

ಸುಜಾತಾ ನನ್ನ ಬ್ರೆಡ್ಡನ್ನು ಮೆಲ್ಲಗೆ ಮೇಡಂ ಕಡೆ ಸರಿಸಿದಳು. “ಅತ್ತಿ ಮಾಡಿದ್ದಕ್ಕ ಅತ್ತಿ ರೇಟ್ರಿ. ನಾ ಮಾಡಿದ್ದಕ್ಕ ನನ್ನ ರೇಟು.”

ಮೇಡಂ ಅರೆಕ್ಷಣವೂ ಯೋಚಿಸದೆ ಇನ್ನೂರೈವತ್ತಕ್ಕೆ ಒಪ್ಪಿದರು, ವಾರಕ್ಕೆ ಆರು. ಹೇಳಿದ ರೇಟಿಗೆ ವ್ಯಾಪಾರ ಮುಗಿದದ್ದನ್ನು ನಾನು ಕಣ್ಣಾರೆ ಕಂಡೆ. ಆಟೋದಲ್ಲಿ ಬರುವಾಗ ಸುಜಾತಾ, “ಖರೇ ಹೇಳಿದ್ರಲ್ಲ ಅತ್ತಿ, ಭಾಳ ಛಲೋ ಆತು,” ಎಂದಳು. ಹೊಗಳಿದಳೋ, ಹೇಳದೆ ಬೈದಳೋ ಇನ್ನೂ ಲೆಕ್ಕ ಹತ್ತಿಲ್ಲ.

ಈಗ ನಿಮಗೆ ಐದು ಉಪಯೋಗದ ಮಾತು ಹೇಳುತ್ತೇನೆ, ಬರೆದಿಟ್ಟುಕೊಳ್ಳಿ. ಹಣ್ಣು ಎಷ್ಟು ಕಪ್ಪಾಗಿದ್ದರೆ ಅಷ್ಟು ಸಿಹಿ, ಆದರೆ ನಾಲ್ಕೇ ಸಾಕು. ಒಣ ಹಿಟ್ಟನ್ನೂ ಹಿಸುಕಿದ ಹಣ್ಣನ್ನೂ ಬೇರೆ ಬೇರೆ ಕಲಸಿ, ಕೂಡಿಸಿದ ಮೇಲೆ ಮೆಲ್ಲಗೆ ತಿರುವಿ ಬಿಟ್ಟುಬಿಡಿ, ಜೋಳದ ಹಿಟ್ಟಿನ ಹಾಗೆ ನಾದಬೇಡಿ. ಸೋಡಾಕ್ಕೆ ಕೊಸರು ಇಲ್ಲ. ಮುಕ್ಕಾಲು ಗಂಟೆ ಆಗುವವರೆಗೆ ಅವನ್ ಬಾಗಿಲು ಮುಟ್ಟಬೇಡಿ, ಆಮೇಲೆ ಒಂದು ಕಡ್ಡಿ ಚುಚ್ಚಿ ನೋಡಿ, ಹಿಟ್ಟು ಅಂಟದಿದ್ದರೆ ಬೆಂದಿದೆ. ಯಾರಾದರೂ ತಮಗೆ ಹಾಲು ತುಪ್ಪ ಆಗುವುದಿಲ್ಲ ಅಂದರೆ ಯಾಕೆ ಏನು ಎಂದು ಕೇಳಬೇಡಿ, ಬೆರಳ ತುದಿಯಷ್ಟೂ ಹಾಕಬೇಡಿ.

ಇದೆಲ್ಲ ನನ್ನ ಸ್ವಂತ ಅನುಭವವೆಂದು ತಿಳಿಯಬೇಡಿ. ಸುಜಾತಾ ಯಾರಿಗೋ ಫೋನಿನಲ್ಲಿ ಹೇಳಿಕೊಡುವಾಗ ಅಡುಗೆಮನೆಯ ಹೊಸ್ತಿಲ ಹೊರಗೆ ನಿಂತು ಕೇಳಿಸಿಕೊಂಡದ್ದು. ಅವಳು ಒಳಗೆ ಬಿಟ್ಟಿದ್ದರೆ ಇನ್ನೂ ಎರಡು ಹೇಳುತ್ತಿದ್ದೆ!